ಬಾಗಿಲಿಗೆ ಚೀಟಿ ಅಂಟಿಸಿ ಹೋದ ಊರು

ಹೋದ ಆಗಸ್ಟ್‌ನಲ್ಲಿ ಇಂಗ್ಲೆಂಡಿನಿಂದ ಅಜ್ಜಿಗೆ ಒಂದು ಫೋಟೊ ಕಳಿಸಿದೆ. ಹಳ್ಳಿ ಶಾಲೆಯೊಂದರ ಕೋಣೆ. ಮರದ ಡೆಸ್ಕುಗಳು, ಅವುಗಳ ಮೇಲೆ ಮಕ್ಕಳ ನೋಟ್‌ಬುಕ್ಕುಗಳು, ಗೋಡೆಯಲ್ಲಿ ಕೋಟು ನೇತುಹಾಕುವ ಗೂಟಗಳು. ಗೂಟದ ಮೇಲೆ ಮಕ್ಕಳ ಹೆಸರು. ಚಿಕ್ಕಮ್ಮನ ಮೊಬೈಲಿನಲ್ಲಿ ಅದನ್ನು ನೋಡಿದ ಅಜ್ಜಿ ವಾಯ್ಸ್ ಮೆಸೇಜ್ ಕಳಿಸಿದಳು.

"ಶಾಲೆ ಚೆಂದ ಇದೆ ಮಗಾ. ಮಕ್ಕಳೆಲ್ಲಿ?"

ಮಕ್ಕಳಿಲ್ಲ ಅಜ್ಜಿ, ಊರೇ ಇಲ್ಲ ಅಂತ ಉತ್ತರ ಕೊಟ್ಟೆ. ಆ ಊರಿನ ಹೆಸರು ಟೈನಮ್. 1943ರ ಡಿಸೆಂಬರ್‌ನಲ್ಲಿ ಅಲ್ಲಿನ ಜನರನ್ನೆಲ್ಲ ಎಬ್ಬಿಸಿದರು. ಅವತ್ತಿನಿಂದ ಇವತ್ತಿನವರೆಗೆ ಅಲ್ಲಿ ಯಾರೂ ವಾಸ ಮಾಡಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೆಸೇಜ್ ಬಂತು. "ಅಲ್ಲೂ ಅಣೆಕಟ್ಟೆ ಕಟ್ಟಿದ್ರನೋ?"

ಅಜ್ಜಿ ಹಾಗೆ ಕೇಳಿದ್ದಕ್ಕೆ ಕಾರಣ ಇದೆ. ಅವಳು ಹುಟ್ಟಿದ ಊರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಟೈನಮ್ ಕಥೆ.

ನನ್ನ ಅಕ್ಕ ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಜಿಲ್ಲೆಯಲ್ಲಿ ನರ್ಸ್. ಅವಳಿಗೆ ಮಗುವಾಗಿತ್ತು, ಅಮ್ಮನ ಜೊತೆ ನಾನೂ ಹೋಗಿದ್ದೆ. ಒಂದು ಭಾನುವಾರ ಭಾವ, "ಯಾವಾಗ ನೋಡಿದರೂ ಹಳ್ಳಿ ಹಳ್ಳಿ ಅಂತೀಯಲ್ಲ, ಬಾ, ಒಂದು ಹಳ್ಳಿ ತೋರಿಸ್ತೀನಿ" ಅಂದರು. ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಮೂವರೂ ಕಾರಿನಲ್ಲಿ ಹೊರಟೆವು.

ವೇರಮ್ ಎಂಬ ಪೇಟೆ ದಾಟಿದ ಮೇಲೆ ರಸ್ತೆ ಗುಡ್ಡ ಹತ್ತುತ್ತದೆ. ನೆತ್ತಿಯಲ್ಲಿ ನಿಂತರೆ ಒಂದು ಕಡೆ ಬೋಳು ಕುರುಚಲು ಬಯಲು, ಇನ್ನೊಂದು ಕಡೆ ಹಸಿರು ಕಣಿವೆ, ಅದರ ಕೊನೆಯಲ್ಲಿ ಸಮುದ್ರ. ಕಣಿವೆಯೊಳಗೆ ಕರೆಂಟ್ ಕಂಬ ಇಲ್ಲ, ಹೊಸ ಮನೆ ಇಲ್ಲ, ಅಂಗಡಿ ಇಲ್ಲ, ಬೋರ್ಡಿಲ್ಲ. ಇಂಗ್ಲೆಂಡಿನ ಸಮುದ್ರದ ದಂಡೆಯಲ್ಲಿ ಇಷ್ಟು ಖಾಲಿ ಜಾಗ ನಾನು ಬೇರೆಲ್ಲೂ ನೋಡಿರಲಿಲ್ಲ. ದೂರದ ಗುಡ್ಡದ ಮೇಲೆ ತುಕ್ಕು ಹಿಡಿದ ಟ್ಯಾಂಕುಗಳು ನಿಂತಿದ್ದವು. ಇವು ಹೊಲದ ಟ್ರ್ಯಾಕ್ಟರ್ ಅಲ್ಲ, ಯುದ್ಧದ ಟ್ಯಾಂಕು. ಸೈನಿಕರು ಗುರಿ ಇಟ್ಟು ಹೊಡೆಯಲಿಕ್ಕೆ ಅಂತ ಇಟ್ಟವು.

ಈ ಕಣಿವೆ ಇವತ್ತಿಗೂ ಸೈನ್ಯದ ವಶದಲ್ಲಿದೆ. ಗುಂಡು ಹಾರಿಸುವ ದಿನ ಕೆಂಪು ಬಾವುಟ ಹಾರಿಸಿ ಗೇಟು ಮುಚ್ಚುತ್ತಾರೆ. ಹೆಚ್ಚಿನ ವಾರಾಂತ್ಯಗಳಲ್ಲಿ ಮತ್ತು ಆಗಸ್ಟ್ ರಜೆಯಲ್ಲಿ ಜನರನ್ನು ಬಿಡುತ್ತಾರೆ. ಒಳಗೆ ಹೋದರೆ ಹಳದಿ ಗೂಟಗಳ ನಡುವೆಯೇ ನಡೆಯಬೇಕು. ಆಚೆ ಕಾಲಿಟ್ಟರೆ ಸಿಡಿಯದೆ ಉಳಿದ ಗುಂಡು ಇರಬಹುದು ಅಂತ ಅಲ್ಲಲ್ಲಿ ಎಚ್ಚರಿಕೆ ಬರೆದಿದ್ದಾರೆ.

ಅಲ್ಲಿ 'ಪ್ಯಾರಿಶ್' ಅಂದರೆ ಒಂದು ಚರ್ಚಿಗೆ ಸೇರಿದ ಊರು, ಕೇರಿ, ಹೊಲ, ಗುಡ್ಡ ಎಲ್ಲ. ನಮ್ಮ ಲೆಕ್ಕದಲ್ಲಿ ಒಂದು ಗ್ರಾಮದ ಸರಹದ್ದು ಅಂದುಕೊಳ್ಳಿ. ಟೈನಮ್ ಅಂಥದ್ದೊಂದು ಸಣ್ಣ ಪ್ಯಾರಿಶ್. ಒಂದು ಸಾಲು ಕಲ್ಲಿನ ಮನೆಗಳು, ಪೋಸ್ಟ್ ಆಫೀಸು, ಶಾಲೆ, 13ನೇ ಶತಮಾನದ ಕಾಲದಿಂದ ಇರುವ ಸೇಂಟ್ ಮೇರಿ ಚರ್ಚು. ಸ್ವಲ್ಪ ದೂರದಲ್ಲಿ ಒಡೆಯರ ದೊಡ್ಡ ಮನೆ. ಭೂಮಿ ಬಹುಪಾಲು ಬಾಂಡ್ ಎಂಬ ಮನೆತನದ್ದು. ಊರಿನವರು ಅವರ ಗೇಣಿದಾರರು, ಕೆಲಸದವರು. ಕೆಳಗೆ ವರ್‌ಬ್ಯಾರೊ ಕೊಲ್ಲಿಯ ದಂಡೆಯಲ್ಲಿ ಕೆಲವು ಮೀನುಗಾರರ ಮನೆಗಳು.

ಹಾಗಂತ ಅದೇನೂ ಸ್ವರ್ಗವಾಗಿರಲಿಲ್ಲ. ಮನೆಗಳಿಗೆ ಕರೆಂಟ್ ಇರಲಿಲ್ಲ. ಯುದ್ಧಕ್ಕೆ ಮೊದಲೇ ಹುಡುಗರು ಕೆಲಸ ಹುಡುಕಿ ಹೊರಗೆ ಹೋಗಲು ಶುರು ಮಾಡಿದ್ದರು. ಮಕ್ಕಳು ಕಡಿಮೆಯಾಗಿ 1932ರಲ್ಲೇ ಶಾಲೆ ಮುಚ್ಚಿತ್ತು. ಈ ಸಾಲು ಓದಿದಾಗ ನಿಮಗೂ ನಿಮ್ಮೂರ ಶಾಲೆ ನೆನಪಾಗಿರಬಹುದು. ನನಗಂತೂ ಆಯಿತು.

ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಹಿಟ್ಲರನ ಕೈಯಲ್ಲಿದ್ದ ಫ್ರಾನ್ಸ್‌ಗೆ ಸಮುದ್ರ ದಾಟಿ ನುಗ್ಗಲು ಬ್ರಿಟನ್, ಅಮೆರಿಕ ತಯಾರಿ ಮಾಡುತ್ತಿದ್ದವು. 1944ರ ಜೂನ್ 6ರಂದು ಅವರು ಫ್ರಾನ್ಸಿನ ನಾರ್ಮಂಡಿ ದಂಡೆಯಲ್ಲಿ ಇಳಿದರು. ಅದಕ್ಕೆ ಮೊದಲು ಟ್ಯಾಂಕ್ ಪಡೆಗಳು ಅಭ್ಯಾಸ ಮಾಡಲು ಜಾಗ ಬೇಕಿತ್ತು. ಟೈನಮ್ ಪಕ್ಕದ ಲಲ್‌ವರ್ತ್‌ನಲ್ಲಿ ಮೊದಲ ಮಹಾಯುದ್ಧದ ಕಾಲದಿಂದಲೇ ಟ್ಯಾಂಕಿನ ಗುಂಡು ಹಾರಿಸುವ ತರಬೇತಿ ಇತ್ತು. ಈಗ ಫಿರಂಗಿಗಳು ಇನ್ನೂ ದೂರ ಹೊಡೆಯುವಂಥವು. ಇದ್ದ ಬಯಲು ಸಾಲದಾಯಿತು.

1943ರ ನವೆಂಬರ್ 16ರ ತಾರೀಕು ಹಾಕಿದ ಒಂದು ಕಾಗದ ಮನೆಮನೆಗೆ ಬಂತು. ದೇಶದ ಹಿತಕ್ಕಾಗಿ ನೀವು ಮನೆ ಬಿಡಬೇಕಾಗಿದೆ, ಇದು ಸಣ್ಣ ತ್ಯಾಗ ಅಲ್ಲ ಅಂತ ಸರ್ಕಾರಕ್ಕೆ ಗೊತ್ತು, ಡಿಸೆಂಬರ್ 19ರೊಳಗೆ ಖಾಲಿ ಮಾಡಿ ಅಂತ ಅದರ ಸಾರಾಂಶ. ಒಂದು ತಿಂಗಳ ಮೇಲೆ ಮೂರು ದಿನ. ಕ್ರಿಸ್‌ಮಸ್‌ಗೆ ಒಂದು ವಾರ ಇರುವಾಗ ಸುಮಾರು 225 ಜನ ದನಕರು, ಮಂಚ, ಪಾತ್ರೆ ಎಲ್ಲ ಸಾಗಿಸಿಕೊಂಡು ಹೊರಟರು. ಸರ್ಕಾರ ವಶಕ್ಕೆ ತೆಗೆದುಕೊಂಡ ಜಾಗ ಒಟ್ಟು 7,500 ಎಕರೆ.

ಹೊರಡುವಾಗ ಕೊನೆಯಲ್ಲಿ ಉಳಿದವರು ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು. ಬರಲಿರುವ ಸೈನಿಕರಿಗೆ ಬರೆದದ್ದು. ದಯವಿಟ್ಟು ಈ ಚರ್ಚನ್ನೂ ಮನೆಗಳನ್ನೂ ಜೋಪಾನವಾಗಿ ನೋಡಿಕೊಳ್ಳಿ. ತಲೆತಲಾಂತರದಿಂದ ಬಾಳಿದ ಮನೆಗಳನ್ನು ಯುದ್ಧ ಗೆಲ್ಲಲಿ ಅಂತ ಬಿಟ್ಟುಕೊಟ್ಟಿದ್ದೇವೆ. ನಾವು ಒಂದು ದಿನ ವಾಪಸ್ ಬರುತ್ತೇವೆ. ಊರನ್ನು ಚೆನ್ನಾಗಿ ನೋಡಿಕೊಂಡದ್ದಕ್ಕೆ ನಿಮಗೆ ವಂದನೆ. ಇಷ್ಟೇ.

ಅದರಲ್ಲಿ ಬೈಗುಳ ಇಲ್ಲ, ಅಳು ಇಲ್ಲ. ಮನೆ ಬಾಡಿಗೆಗೆ ಕೊಟ್ಟು ನಾಲ್ಕು ದಿನ ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತಾರಲ್ಲ, ಹಾಗಿದೆ.

ಯುದ್ಧ 1945ರಲ್ಲಿ ಮುಗಿಯಿತು. ಜನ ಕಾದರು. 1948ರಲ್ಲಿ ಸರ್ಕಾರ, ಈ ಜಾಗ ಸೈನ್ಯಕ್ಕೆ ಮುಂದೆಯೂ ಬೇಕು ಅಂತ ಕಡ್ಡಾಯವಾಗಿ ಭೂಸ್ವಾಧೀನ ಮಾಡಿಕೊಂಡಿತು. ಜಮೀನಿನ ಪರಿಹಾರ ಜಮೀನಿನ ಒಡೆಯರಿಗೆ. ಗೇಣಿಗಿದ್ದವರ ಹೆಸರಿನಲ್ಲಿ ಮನೆಯೂ ಇಲ್ಲ, ಹೊಲವೂ ಇಲ್ಲ. ಅವರಿಗೆ ಸಿಕ್ಕಿದ್ದು ಹಿತ್ತಲಲ್ಲಿ ಬೆಳೆದಿದ್ದ ತರಕಾರಿಯ ಬೆಲೆ.

ಆ ಸಾಲನ್ನು ನಾನು ಎರಡು ಸಲ ಓದಿದೆ. ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಏನೂ ಹೇಳಲಿಲ್ಲ. ಇಬ್ಬರಿಗೂ ನೆನಪಾದದ್ದು ಒಂದೇ.

ಊರೊಳಗೆ ನಡೆದೆವು. ಮನೆಗಳಿಗೆ ಸೂರಿಲ್ಲ. ಕಲ್ಲಿನ ಗೋಡೆ, ಒಲೆಯ ಗೂಡು, ಮಹಡಿಯ ತೊಲೆ ಕೂತಿದ್ದ ತೂತು, ಇಷ್ಟು ಉಳಿದಿವೆ. ಎಷ್ಟೋ ಗುಂಡಿನ ಏಟಿಗೆ ಬಿದ್ದವು, ಎಷ್ಟೋ ಮಳೆಗಾಳಿಗೆ. ಒಡೆಯರ ದೊಡ್ಡ ಮನೆಯ ಬಹುಭಾಗವನ್ನು 1960ರ ದಶಕದ ಕೊನೆಯಲ್ಲಿ ಕೆಡವಿದರು. ಚರ್ಚು ಮತ್ತು ಶಾಲೆಯನ್ನು ಮಾತ್ರ ರಿಪೇರಿ ಮಾಡಿ ಮ್ಯೂಸಿಯಂ ತರಹ ಇಟ್ಟಿದ್ದಾರೆ.

ಪೋಸ್ಟ್ ಆಫೀಸಿನ ಎದುರು ಒಂದು ಬಿಳಿಯ ಟೆಲಿಫೋನ್ ಬೂತ್ ಇದೆ. ಮೊದಲಿದ್ದದ್ದು 1929ರದ್ದು. ಅದು ಟ್ಯಾಂಕುಗಳ ನಡುವೆಯೂ ಉಳಿದುಕೊಂಡಿತ್ತಂತೆ. 1985ರಲ್ಲಿ ಇಲ್ಲಿ ಸಿನಿಮಾ ಶೂಟಿಂಗ್ ಮಾಡಲು ಬಂದವರ ಕೈಯಲ್ಲಿ ಮುರಿಯಿತು. ಈಗಿರುವುದು ಅದೇ ಮಾದರಿಯ ಬೇರೆ ಬೂತ್. ಭಾವ ಇದನ್ನು ಹೇಳಿ ನಕ್ಕರು, ನಾವೂ ನಕ್ಕೆವು. ಆ ಊರಿನಲ್ಲಿ ನಾವು ನಕ್ಕಿದ್ದು ಅದೊಂದೇ ಸಲ.

ಶಾಲೆಯೊಳಗೆ ಹೆಚ್ಚು ಹೊತ್ತು ನಿಂತೆ. ಡೆಸ್ಕಿನ ಮೇಲಿನ ನೋಟ್‌ಬುಕ್ಕುಗಳಲ್ಲಿ ಪ್ರಕೃತಿ ಪಾಠ. ಹೂವು, ಎಲೆ, ಹಕ್ಕಿ, ಇವುಗಳ ಬಗ್ಗೆ ಮಕ್ಕಳು ಗುಂಡಗಿನ ಅಕ್ಷರದಲ್ಲಿ ಬರೆದು ಚಿತ್ರ ಬಿಡಿಸುತ್ತಿದ್ದ ಕಾಲ ಅದು. ತಮ್ಮೂರ ಬೇಲಿಯ ಗಿಡ, ತಮ್ಮೂರ ಆಕಾಶದ ಹಕ್ಕಿ ಆ ಮಕ್ಕಳಿಗೆ ಗೊತ್ತಿದ್ದವು. ಹೊರಗೆ ಬಂದು ನೋಡಿದರೆ ಹೂವೂ ಇದೆ, ಹಕ್ಕಿಯೂ ಇದೆ. ಅವುಗಳ ಹೆಸರು ಬರೆದಿಟ್ಟ ಊರು ಇಲ್ಲ.

ಇಲ್ಲಿ ಕಥೆ ಸ್ವಲ್ಪ ತೊಡಕಾಗುತ್ತದೆ.

ಯುದ್ಧದ ಸಮಯದಲ್ಲೂ ಆಮೇಲೂ ಇಂಗ್ಲೆಂಡಿನಲ್ಲಿ ಹೆಚ್ಚು ಆಹಾರ ಬೆಳೆಯಬೇಕು ಅಂತ ಹಳೆಯ ಹುಲ್ಲುಗಾವಲುಗಳನ್ನು ಉತ್ತರು, ಬೇಲಿ ಕಿತ್ತರು, ರಸಗೊಬ್ಬರ ಸುರಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1930ರ ದಶಕದಲ್ಲಿದ್ದ ಹೂವಿನ ಹುಲ್ಲುಗಾವಲುಗಳಲ್ಲಿ ಶೇ 97ರಷ್ಟು 1980ರ ದಶಕದ ಹೊತ್ತಿಗೆ ಹೋಗಿದ್ದವು. ನೂರು ಎಕರೆಯಲ್ಲಿ ಮೂರು ಎಕರೆ ಉಳಿಯಿತು ಅಂದುಕೊಳ್ಳಿ.

ಟೈನಮ್ ಕಣಿವೆಯಲ್ಲಿ ಅದು ಆಗಲಿಲ್ಲ. ಗುಂಡು ಬೀಳುವ ನೆಲವನ್ನು ಉಳುವವರು ಯಾರು? ಅಲ್ಲಿ ಕೀಟನಾಶಕ ಹೊಡೆಯಲಿಲ್ಲ, ರೆಸಾರ್ಟ್ ಕಟ್ಟಲಿಲ್ಲ. ಸಣ್ಣ ಸಣ್ಣ ಹೊಲ, ಅವುಗಳ ನಡುವೆ ದಪ್ಪ ಬೇಲಿ, ಹೀಗೆ 1943ರ ನಕ್ಷೆ ಅಲ್ಲೇ ನಿಂತುಬಿಟ್ಟಿತು. ಸುತ್ತಲಿನ ಕುರುಚಲು ಬಯಲಿನಲ್ಲಿ ಬೇರೆಡೆ ಅಪರೂಪವಾದ ಮರಳು ಹಲ್ಲಿ, ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಬದುಕಿವೆ.

ನಾನು ನೋಡಲೇಬೇಕು ಅಂತ ಹೋಗಿದ್ದು ಒಂದು ಚಿಟ್ಟೆಯನ್ನು. ಹೆಸರು ಲಲ್‌ವರ್ತ್ ಸ್ಕಿಪ್ಪರ್. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಬಣ್ಣ ಒಣಗಿದ ಹುಲ್ಲಿನಂಥ ಕಂದು. ಬ್ರಿಟನ್ನಿನಲ್ಲಿ ಅದನ್ನು ಮೊದಲು ಗುರುತಿಸಿದ್ದು 1832ರಲ್ಲಿ, ಇದೇ ದಂಡೆಯಲ್ಲಿ. ಇವತ್ತಿಗೂ ಆ ದೇಶದಲ್ಲಿ ಅದು ಸಿಗುವುದು ಹೆಚ್ಚುಕಡಿಮೆ ಈ ದಂಡೆಯಲ್ಲೇ. ಅದರ ಹುಳು ಬೆಳೆಯುವುದು ಎತ್ತರಕ್ಕೆ ಬೆಳೆದ ಒಂದು ಒರಟು ಹುಲ್ಲಿನ ಮೇಲೆ. ಹುಲ್ಲನ್ನು ತೀರಾ ಮೇಯಿಸಿದರೆ ಅದಕ್ಕೆ ಜಾಗವಿಲ್ಲ, ಉತ್ತರೆ ಮೊದಲೇ ಇಲ್ಲ.

ವರ್‌ಬ್ಯಾರೊ ಕಡೆಗೆ ಇಳಿಯುವ ದಾರಿಯಲ್ಲಿ ಅಕ್ಕ ತಟ್ಟನೆ ನನ್ನ ತೋಳು ಹಿಡಿದು, "ಏ, ಅಲ್ನೋಡೋ" ಅಂದಳು. ನೇರಳೆ ಹೂವಿನ ಮೇಲೆ ಎರಡು ಕಂದು ಚಿಟ್ಟೆ. ಅದೇನಾ, ಅದರ ಅಕ್ಕತಂಗಿಯರಾ ಅಂತ ನನಗೆ ಖಾತ್ರಿ ಇಲ್ಲ. ಅದೇ ಅಂತ ಅಂದುಕೊಂಡು ಸಂತೋಷಪಟ್ಟೆ.

ಕೊಲ್ಲಿಯ ಹತ್ತಿರ ಬಂದರೆ ಬಂಡೆಗಳ ಬಣ್ಣವೇ ಬೇರೆ ಬೇರೆ. ಒಂದು ಕಡೆ ಸೀಮೆಸುಣ್ಣದ ಬೆಳ್ಳನೆಯ ಗೋಡೆ, ನಡುವೆ ಕೆಂಪು ಹಳದಿ ಮಣ್ಣು, ಈ ಕಡೆ ಬೂದು ಕಲ್ಲು. ಕೋಟಿಗಟ್ಟಲೆ ವರ್ಷಗಳಲ್ಲಿ ಪದರ ಪದರವಾಗಿ ಬಿದ್ದದ್ದು. ಈ ಇಡೀ ದಂಡೆಯನ್ನು ಯುನೆಸ್ಕೊ 2001ರಲ್ಲಿ ವಿಶ್ವ ಪರಂಪರೆ ತಾಣ ಅಂತ ಘೋಷಿಸಿದೆ. ಗುಡ್ಡದ ತುದಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಮಣ್ಣಿನ ಕೋಟೆ ಇದೆ. ಅದರ ಒಂದು ಭಾಗ ಕುಸಿದು ಸಮುದ್ರಕ್ಕೆ ಬಿದ್ದಿದೆ. ಯುದ್ಧ ಈ ಜಾಗಕ್ಕೆ ಹೊಸದಲ್ಲ.

ವಾಪಸ್ ಬರುವಾಗ ಚರ್ಚಿನ ಹತ್ತಿರ ಒಬ್ಬ ವಯಸ್ಸಾದವರು ಮಾತಿಗೆ ಸಿಕ್ಕರು. ಹತ್ತಿರದ ಪೇಟೆಯವರು, ಆಗಾಗ ಇಲ್ಲಿಗೆ ನಡೆಯಲು ಬರುತ್ತಾರಂತೆ. ನಾನು ಪತ್ರಿಕೋದ್ಯಮ ಓದಿದವನು ಅಂದಾಗ ಅವರು ಒಂದು ಮಾತು ಹೇಳಿದರು. ಪಾಪ ಆ ಜನರಿಗೆ ಅನ್ಯಾಯ ಆಯಿತು, ಆದರೆ ಅವರು ಇದ್ದಿದ್ದರೆ ಈಗ ಇಲ್ಲೆಲ್ಲ ಬಂಗಲೆ, ಐಸ್‌ಕ್ರೀಮ್ ಅಂಗಡಿ, ಕಾರ್ ಪಾರ್ಕಿಂಗ್ ಇರುತ್ತಿತ್ತು, ಸೈನ್ಯವೇ ಇದನ್ನು ಉಳಿಸಿತು ಅಂತ.

ಕಾರು ಹತ್ತಿದ ಮೇಲೆ ಭಾವ, "ಅವರು ಹೇಳಿದ್ದರಲ್ಲಿ ಸುಳ್ಳೇನಿದೆ?" ಅಂದರು.

ಸುಳ್ಳಿಲ್ಲ. ಅದೇ ನನಗೆ ಕಷ್ಟವಾದದ್ದು. ಚಿಟ್ಟೆ ಕಂಡು ಸಂತೋಷಪಟ್ಟವನು ನಾನೇ. ಆ ಕಣಿವೆ ಹಾಗೇ ಇರಲಿ ಅಂತ ನನಗೂ ಅನಿಸಿತು. ಆದರೆ ಆ ಮಾತು ಎಲ್ಲೋ ಚುಚ್ಚಿತು. ಎಲ್ಲಿ ಅಂತ ತಿಳಿಯಲು ಎರಡು ದಿನ ಬೇಕಾಯಿತು.

ಹೂವಿನ ಹುಲ್ಲುಗಾವಲು ಅಂದರೆ ಕಾಡಲ್ಲ. ದನ ಕುರಿ ಮೇಯಿಸದೆ ಬಿಟ್ಟರೆ ಅದು ಕೆಲವೇ ವರ್ಷದಲ್ಲಿ ಮುಳ್ಳುಪೊದೆ, ಮರ ಆಗಿಬಿಡುತ್ತದೆ. ಆ ಸಣ್ಣ ಹೊಲಗಳನ್ನು ಮಾಡಿದ್ದು, ಬೇಲಿ ನೆಟ್ಟಿದ್ದು, ಹುಲ್ಲು ಕೊಯ್ದದ್ದು, ದನ ಹೊಡೆದುಕೊಂಡು ಹೋದದ್ದು ಟೈನಮ್ಮಿನ ಜನ. ಇವತ್ತಿಗೂ ಸೈನ್ಯದ ಆ ನೆಲದಲ್ಲಿ ದನ ಮೇಯಿಸುತ್ತಾರೆ, ಹುಲ್ಲುಗಾವಲು ಉಳಿಯಲಿ ಅಂತಲೇ. ಅಂದರೆ ಸೈನ್ಯ ಕಾಪಾಡಿದ್ದು ಯಾರದ್ದು? ಆ ಗೇಣಿದಾರರ ನೂರಾರು ವರ್ಷದ ಕೈಕೆಲಸವನ್ನು. ಜನ ಹೋದದ್ದರಿಂದ ಪ್ರಕೃತಿ ಉಳಿಯಿತು ಅನ್ನುವುದು ಪೂರ್ತಿ ನಿಜ ಅಲ್ಲ. ನೇಗಿಲು ದೊಡ್ಡದಾಗುವ ಮೊದಲು, ವಿಷದ ಡಬ್ಬಿ ಬರುವ ಮೊದಲು ಆ ಕಣಿವೆಗೆ ಬೀಗ ಬಿತ್ತು. ಬೀಗ ಹಾಕುವಾಗ ಒಳಗಿದ್ದ ಚೆಲುವು ಊರಿನವರದ್ದೇ.

ಇನ್ನೊಂದು. ಚಿಟ್ಟೆ ಉಳಿದದ್ದು ಒಂದು ಲೆಕ್ಕ, ಜನರ ನಂಬಿಕೆ ಉಳಿಯದೇ ಹೋದದ್ದು ಇನ್ನೊಂದು ಲೆಕ್ಕ. ಇದನ್ನು ಅದಕ್ಕೆ ವಜಾ ಮಾಡಿ ಚುಕ್ತಾ ಅನ್ನಲಾಗದು. 1943ರಲ್ಲಿ ಯಾರೂ ಆ ಜನರಿಗೆ, ಚಿಟ್ಟೆಗೋಸ್ಕರ ಮನೆ ಬಿಡಿ ಅಂದಿರಲಿಲ್ಲ.

ಊರಿನ ಕೆಲವರಿಗೆ ಆಮೇಲೆ ವೇರಮ್ ಹತ್ತಿರ ಹೊಸ ಮನೆಗಳು ಸಿಕ್ಕವು, ಕರೆಂಟ್ ನಲ್ಲಿ ಎಲ್ಲ ಇದ್ದಂಥವು. ಅದರಿಂದ ಅನುಕೂಲವಾಯಿತು ಅಂದವರೂ ಇದ್ದರು. 1968ರಲ್ಲಿ ರಾಡ್ನಿ ಲೆಗ್ ಎಂಬ ಪತ್ರಕರ್ತ ಮತ್ತು ಸಂಗಡಿಗರು ಊರನ್ನು ವಾಪಸ್ ಕೊಡಿ ಅಂತ ಹೋರಾಟ ಶುರು ಮಾಡಿದರು. ಊರು ವಾಪಸ್ ಬರಲಿಲ್ಲ. ಆದರೆ ಆ ಗದ್ದಲದ ನಂತರವೇ 1970ರ ದಶಕದಲ್ಲಿ ದಾರಿಗಳು ಜನರಿಗೆ ತೆರೆದವು. ನಾನು ಹೋಗಿ ಶಾಲೆಯ ಫೋಟೊ ತೆಗೆಯಲು ಆದದ್ದೂ ಅದರಿಂದಲೇ. ಒಬ್ಬ ಪತ್ರಕರ್ತ ಗಟ್ಟಿಯಾಗಿ ಕೂಗಿದರೆ ಕೊನೆಗೆ ಒಂದು ಗೇಟಾದರೂ ತೆರೆಯುತ್ತದೆ ಅಂತ ನಮ್ಮ ಬ್ಲಾಗಿನ ಗೆಳೆಯರಿಗೆ ಹೇಳಬೇಕು ಅನಿಸಿತು.

ಊರಿಗೆ ಮರಳಿದ ಮೇಲೆ ಅಜ್ಜಿಯ ಮುಂದೆ ಕೂತು ಎಲ್ಲ ಫೋಟೊ ತೋರಿಸಿದೆ. ಗೋಡೆ, ಒಲೆ, ಬೂತ್, ಚಿಟ್ಟೆ. ಚರ್ಚಿನ ಬಾಗಿಲ ಚೀಟಿಯಲ್ಲಿ ಏನಿತ್ತು ಅಂತ ಹೇಳಿದೆ. ಹಿತ್ತಲ ತರಕಾರಿಯ ದುಡ್ಡಿನ ವಿಷಯವನ್ನೂ ಹೇಳಿದೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಅಜ್ಜಿಯ ಮನೆಯವರು ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟರು. ಅವಳಿಗೆ ಆಗ ಹದಿನಾಲ್ಕು. ಅವರೂ ಗೇಣಿಗಿದ್ದವರೇ. ಕರೆಂಟಿಗಾಗಿ ಊರು ಬಿಟ್ಟವರು ಹೊಸ ಜಾಗದಲ್ಲಿ ಎಷ್ಟೋ ವರ್ಷ ಚಿಮಣಿ ದೀಪದಲ್ಲಿದ್ದರು. ಆ ಜಮೀನಿನ ಹಕ್ಕುಪತ್ರಕ್ಕೆ ಮಾವ ಈಗಲೂ ಅಲೆಯುತ್ತಿದ್ದಾರೆ. ಟೈನಮ್‌ಗೆ ರಜೆಯಲ್ಲಿ ಗೇಟು ತೆಗೆಯುತ್ತಾರೆ. ಅಜ್ಜಿಯ ಊರಿಗೆ ಆ ಗೇಟೂ ಇಲ್ಲ. ಹಿನ್ನೀರಿನ ದಡದಲ್ಲಿ ನಿಂತು ಅಲ್ಲೆಲ್ಲೋ ಇತ್ತು ಅಂತ ಕೈ ತೋರಿಸುತ್ತಾಳೆ ಅಷ್ಟೇ.

ಫೋಟೊ ಎಲ್ಲ ನೋಡಿ ಮುಗಿಸಿ ಅಜ್ಜಿ ಕೇಳಿದಳು, "ಆ ಚೀಟಿ ಬರೆದದ್ದು ಯಾರು?"

ಕೊನೆಗೆ ಹೊರಟವರು, ಅಂದೆ.

"ನಮಗೂ ಹೇಳೋದಿತ್ತು ಕಣೋ. ಬರಿಯೋಕೆ ಬರ್ತಿರಲಿಲ್ಲ."

ನಾನು ಮೊಬೈಲ್ ಎತ್ತಿಕೊಂಡು ರೆಕಾರ್ಡರ್ ಒತ್ತಿದೆ. ಏನು ಹೇಳೋದಿತ್ತು ಹೇಳು ಅಂದೆ. ಅವಳು ಸ್ವಲ್ಪ ನಾಚಿಕೊಂಡಳು. ಆಮೇಲೆ ಶುರು ಮಾಡಿದಳು. ಹೊಳೆ ದಂಡೆಯಲ್ಲಿ ಒಂದು ಅಪ್ಪೆಮಿಡಿ ಮರ ಇತ್ತು. ಜೀರಿಗೆ ವಾಸನೆ. ಅದರ ಮಿಡಿ ಉಪ್ಪಿನಕಾಯಿ ಎರಡು ವರ್ಷ ಇಟ್ಟರೂ ಮೆತ್ತಗಾಗುತ್ತಿರಲಿಲ್ಲ. ಮರದ ಪಕ್ಕ ಚೌಡಿ ಕಲ್ಲು. ಅದರಾಚೆ ಮೊದಲನೇ ಮನೆ ಯಾರದ್ದು, ಎರಡನೇ ಮನೆ ಯಾರದ್ದು, ಯಾವ ಕೊಟ್ಟಿಗೆಯಲ್ಲಿ ಎಷ್ಟು ದನ, ಯಾವ ದನದ ಹೆಸರೇನು.

ಮೊದಲ ದಿನ ನಲವತ್ತು ನಿಮಿಷ ಆಯಿತು. ಇನ್ನೂ ಊರಿನ ಮೇಲಿನ ಕೇರಿ ಬಾಕಿ ಇದೆ. ಅಜ್ಜಿಗೆ ಎಪ್ಪತ್ತಾರು ದಾಟಿದೆ. ಮುಂದಿನ ಭಾನುವಾರವೂ ಹೋಗುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಊರನ್ನು ನೆನಪಿಟ್ಟುಕೊಂಡವರು ಇದ್ದರೆ ಈ ವಾರವೇ ಕೂರಿಸಿ ಕೇಳಿ. ಪೆನ್ನು ಪೇಪರ್ ಬೇಡ, ಕೈಯಲ್ಲಿರುವ ಫೋನು ಸಾಕು.